ಹ್ಯಾಂಬರ್ಗಿಗೆ ಹೋದ ಎಲೆಕೋಸು

ಯುದ್ಧದಲ್ಲಿ ನಮ್ಮ ಬೀದಿಯವರೆಲ್ಲ ಏನಾದರೊಂದು ದೊಡ್ಡ ಕೆಲಸ ಮಾಡಿದವರೇ. ಎದುರು ಮನೆಯ ಮಿಸೆಸ್ ಟ್ರೆಂಟ್ ಆಂಬ್ಯುಲೆನ್ಸ್ ಓಡಿಸಿದಳು. ಮೂಲೆಮನೆಯ ಮುದುಕ ಚಾವಣಿಯ ಮೇಲೆ ನಿಂತು ಬೆಂಕಿ ಬಾಂಬುಗಳಿಗೆ ಮರಳು ಸುರಿದು ಆರಿಸಿದ. ಕೇಳುವವರು ಸಿಕ್ಕರೆ ಈಗಲೂ ಆರಿಸುತ್ತಲೇ ಇರುತ್ತಾನೆ. ನೀವೇನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನಾನು "ಮನೆ ನೋಡಿಕೊಂಡೆ" ಅನ್ನುತ್ತಿದ್ದೆ. ಬೇರೇನೂ ಹೇಳಕೂಡದೆಂದು ಸರಕಾರದವರು ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ಈಗ ಆ ಕಾಲದ ಗುಟ್ಟುಗಳೆಲ್ಲ ಪುಸ್ತಕಗಳಾಗಿ ರೈಲ್ವೆ ಸ್ಟೇಷನ್ನಿನಲ್ಲಿ ಮಾರಾಟಕ್ಕಿವೆ, ಹಾಗಾಗಿ ನಾನೂ ನಿಜ ಹೇಳಬಹುದು. ನಿಜ ಹೇಳಿದರೂ ಹೆಚ್ಚೇನೂ ಇಲ್ಲ: ಮನೆ ನೋಡಿಕೊಂಡೆ, ಎಲೆಕೋಸು ಬೇಯಿಸಿದೆ. ಆದರೆ ಶತ್ರುವಿನ ಬೇಹುಗಾರಿಕೆ ಇಲಾಖೆಯ ತನಕ ಹೋದ ಎಲೆಕೋಸು ನಮ್ಮ ಬೀದಿಯಲ್ಲಿ ನನ್ನದೊಂದೇ.

ನಾನು ಕಾರ್ನ್‌ವಾಲ್ ಕಡೆಯವಳು. ಗಂಡ ವಾಲ್ಟರ್ ಪ್ಯಾಸ್ಕೋ ತೀರಿಕೊಂಡ ಮೇಲೆ ಲಂಡನ್ನಿನ ಉತ್ತರದಂಚಿನ ಬಾರ್ನೆಟ್ಟಿನಲ್ಲಿ ಒಂದು ಮನೆ ಹಿಡಿದು, ಬಾಡಿಗೆಯವರನ್ನಿಟ್ಟುಕೊಂಡು, ಅವರಿಗೆ ಊಟ ಹಾಕಿ ಬದುಕುತ್ತಿದ್ದೆ. ಯುದ್ಧದ ಎರಡನೇ ವರ್ಷ ಕ್ಯಾಪ್ಟನ್ ಫ್ಯಾರಂಟ್ ಎಂಬ ತೆಳ್ಳನೆಯ ಅಧಿಕಾರಿ ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಇಡೀ ಮನೆ ಸರಕಾರಕ್ಕೆ ಬೇಕು, ಮನೆಯ ಜೊತೆಗೆ ನೀವೂ ಬೇಕು ಅಂದರು. ನನ್ನ ಬಾಯಿ ಭದ್ರವೆಂದು ನಮ್ಮ ಚಾಪೆಲ್ಲಿನ ಪಾದ್ರಿಗಳು ಹೇಳಿರಬೇಕು, ಅದಕ್ಕೇ ನನ್ನನ್ನು ಆರಿಸಿದ್ದಾರೆ ಎಂದು ಒಂದು ವರ್ಷ ಬೀಗಿದೆ. ಆಮೇಲೆ ಗೊತ್ತಾಯಿತು, ನಮ್ಮ ಮನೆ ಏರಿನ ಮೇಲಿದೆ, ವೈರ್‌ಲೆಸ್ ತಂತಿ ಕಟ್ಟಲು ಅನುಕೂಲ. ನಾನು ಮನೆಯ ಸಾಮಾನಿನ ಲೆಕ್ಕದಲ್ಲಿ ಬಂದವಳು.

ಆ ವೈರ್‌ಲೆಸ್ಸಿನ ಹಿಂದೆಯೇ ಎಮಿಲ್ ರಾಡ್ಕೆ ಬಂದ. ಅವನು ಜರ್ಮನಿಯ ಗೂಢಚಾರ. ಹ್ಯಾಂಬರ್ಗಿನ ಅವನ ಮೇಲಧಿಕಾರಿಗಳು ಅವನನ್ನು ಪ್ಯಾರಾಚೂಟಿನಲ್ಲಿ ನಮ್ಮ ದೇಶದ ಒಂದು ಹೊಲಕ್ಕೆ ಇಳಿಸಿದ್ದರು. ಕಾಲು ಉಳುಕಿಸಿಕೊಂಡು ಹುಲ್ಲಿನ ಬಣವೆಗೆ ಒರಗಿದ್ದವನಿಗೆ ರೈತನೊಬ್ಬ ಬಿಸಿ ಚಹಾ ಕೊಟ್ಟು, ಅವನದನ್ನು ಊದಿ ಊದಿ ಕುಡಿಯುವುದರೊಳಗೆ ಪೊಲೀಸರನ್ನು ಕರೆಸಿದ್ದ. ಹಾಗೆ ಸಿಕ್ಕಿಬಿದ್ದವರಿಗೆ ಆಗ ಎರಡೇ ದಾರಿ. ಸ್ವತಂತ್ರನಾಗಿಯೇ ಇದ್ದೇನೆಂದು ನಟಿಸಿ ನಾವು ಬರೆದುಕೊಟ್ಟ ಸುದ್ದಿಯನ್ನು ತನ್ನ ದೇಶಕ್ಕೆ ಕಳಿಸುವುದು ಒಂದು, ನೇಣುಗಂಬ ಇನ್ನೊಂದು. ಎಮಿಲ್ ಮೊದಲನೆಯದನ್ನು ಆರಿಸಿಕೊಂಡ. ಸುದ್ದಿಯನ್ನು ಕ್ಯಾಪ್ಟನ್ ಬರೆಯುತ್ತಿದ್ದರು. ವೈರ್‌ಲೆಸ್ಸಿನಲ್ಲಿ ಟಕಟಕ ಬಡಿಯುವುದು ಎಮಿಲ್‌ನೇ ಆಗಬೇಕಿತ್ತು, ಯಾಕೆಂದರೆ ಅವನ ಬೆರಳಿನ ತಾಳ ಹ್ಯಾಂಬರ್ಗಿನವರಿಗೆ ಪರಿಚಯ. ಬೇರೆಯವರು ಬಡಿದರೆ ಗೊತ್ತಾಗಿಬಿಡುತ್ತದೆ. ಅವನು ನಡುವೆ ತನ್ನದೊಂದು ಮಾತು ಸೇರಿಸದಂತೆ ಸಾರ್ಜೆಂಟ್ ಟಿಮ್ಸ್ ಪಕ್ಕದಲ್ಲಿ ಕೂತು ಕೇಳುತ್ತಿದ್ದ. ಬೀದಿಯವರಿಗೆ ಎಮಿಲ್ ಹಾಲೆಂಡಿನಿಂದ ಓಡಿಬಂದ ನಿರಾಶ್ರಿತ.

ಅವನನ್ನು ದ್ವೇಷಿಸಬೇಕೆಂದೇ ನಾನು ತಯಾರಾಗಿದ್ದೆ. ಮೊದಲ ದಿನ ಎದುರಿಗೆ ತಟ್ಟೆ ಕುಕ್ಕಿದೆ. ಅವನು ಕೊನೆಯ ತುಣುಕಿನವರೆಗೂ ತಿಂದು, ಚಮಚ ನೆಟ್ಟಗೆ ಇಟ್ಟು, "ಬಹಳ ಚೆನ್ನಾಗಿದೆ, ಮಿಸೆಸ್ ಪ್ಯಾಸ್ಕೋ" ಅಂದ.

ವಾಲ್ಟರ್ ನನ್ನ ಕೈಯ ಅಡುಗೆ ಉಣ್ಣುತ್ತಿದ್ದದ್ದು ಪತ್ರಿಕೆ ಅಡ್ಡ ಹಿಡಿದುಕೊಂಡು. ಬಾಡಿಗೆಯವರು ಉಣ್ಣುತ್ತಿದ್ದದ್ದು ಗಡಿಯಾರ ನೋಡಿಕೊಂಡು. ಚೆನ್ನಾಗಿದೆ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಆ ದಿನದಿಂದ ದಿನವೂ ಅದೇ ಮಾತು, ಅದೇ ಖಾಲಿ ತಟ್ಟೆ. ಮೊಟ್ಟೆ ಪುಡಿಯ ಆಮ್ಲೆಟ್, ಮೊಲದ ಮಾಂಸ, ದನದ ಕೊಬ್ಬು ಹಾಕಿದ ಕಡುಬು, ಪ್ರತಿ ಊಟಕ್ಕೂ ಎಲೆಕೋಸು. ಎಲ್ಲವೂ ಬಹಳ ಚೆನ್ನಾಗಿದೆ.

"ಜರ್ಮನ್ನರಿಗೆ ರುಚಿ ಗೊತ್ತು ಕಣಯ್ಯಾ," ಅಂದೆ ಟಿಮ್ಸ್‌ಗೆ.

"ಅದಕ್ಕೇ ಅವರು ಯುದ್ಧ ಸೋಲ್ತಾರೆ ಬಿಡಿ ಅಮ್ಮಾವ್ರೇ," ಅಂದ ಅವನು.

ಟಿಮ್ಸ್‌ನ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಎಮಿಲ್‌ಗೆ ಎಲೆಕೋಸು ಇನ್ನೊಂದು ಸೌಟು ಹಾಕಿದೆ.

ನಮ್ಮದು ಶಿಸ್ತಿನ ಮನೆಯಾಗಿತ್ತು. ಹ್ಯಾಂಬರ್ಗಿನ ಜೊತೆ ಮಾತಾಡುವ ಹೊತ್ತು ಸಂಜೆಯ ಚಹಾದ ಹೊತ್ತಿಗೆ ನಿಗದಿಯಾಗಿತ್ತು. ಮಹಡಿಯಲ್ಲಿ ಟಕಟಕ ಮುಗಿಯುವುದಕ್ಕೂ ನಾನು ಕೆಟಲ್ ಇಳಿಸುವುದಕ್ಕೂ ಸರಿಹೋಗುತ್ತಿತ್ತು. ಭಾನುವಾರ ಮಾತ್ರ ಎಲ್ಲಕ್ಕೂ ರಜೆ. ಕ್ಯಾಪ್ಟನ್ ತಮ್ಮ ತಾಯಿಯವರ ಜೊತೆ ಊಟ ಮಾಡಲು ಗಿಲ್ಡ್‌ಫರ್ಡ್‌ಗೆ ಹೋಗುತ್ತಿದ್ದರು. ಟಿಮ್ಸ್ ಗಾಳ ಹೆಗಲಿಗೆ ಹಾಕಿಕೊಂಡು ಕಾಲುವೆಯ ಕಡೆ ಹೋಗುತ್ತಿದ್ದ. ನಾನು ಬೆಳಿಗ್ಗೆ ಚಾಪೆಲ್ಲಿಗೆ ಹೋಗಿಬಂದು, ರೇಷನ್ನಿನಲ್ಲಿ ಸಿಕ್ಕ ಮಾಂಸದ ತುಣುಕನ್ನು ಹುರಿದು, ಸಂಜೆ ಕೀರ್ತನೆ ಹಾಡಿಕೊಳ್ಳುತ್ತಿದ್ದೆ. ಬದಲಿ ಕಾವಲುಗಾರನೊಬ್ಬ ಬಂದು ಆರಾಮ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದ. ಕ್ರಿಸ್‌ಮಸ್, ಈಸ್ಟರ್, ಬ್ಯಾಂಕ್ ರಜೆ, ಎಲ್ಲಕ್ಕೂ ಇದೇ ಏರ್ಪಾಡು. ಯೂರೋಪು ಹೊತ್ತಿ ಉರಿಯುತ್ತಿರುವಾಗ ಭಾನುವಾರ ಬೇಹುಗಾರಿಕೆ ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಭಾನುವಾರ ಭಾನುವಾರವೇ.

ಒಂದು ಸೋಮವಾರ ಕ್ಯಾಪ್ಟನ್ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು. ನಾನು ಆಲೂಗಡ್ಡೆ ಹೆರೆಯುತ್ತಿದ್ದೆ, ಟಿಮ್ಸ್ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಎಮಿಲ್ ಹಿತ್ತಲಿನಲ್ಲಿ ಎಲೆಕೋಸಿನ ಪಾತಿ ಅಗೆಯುತ್ತಿದ್ದ.

"ಹ್ಯಾಂಬರ್ಗಿನವನಿಗೆ ಅನುಮಾನ ಬಂದಿದೆ," ಅಂದರು ಕ್ಯಾಪ್ಟನ್.

"ಏನಂತೆ ಸರ್?" ಅಂದ ಟಿಮ್ಸ್.

"ನಮ್ಮ ಮನುಷ್ಯ ಭಾನುವಾರ ಯಾವತ್ತೂ ಸುದ್ದಿ ಕಳಿಸಲ್ವಲ್ಲ, ಯಾಕೆ ಅಂತ. ಕ್ರಿಸ್‌ಮಸ್ಸಿಗೂ ಇಲ್ಲ, ಈಸ್ಟರ್ ಸೋಮವಾರಾನೂ ಇಲ್ಲ. ಆಗಸ್ಟಿನ ಬ್ಯಾಂಕ್ ರಜೇನೂ ಬಿಟ್ಟಿಲ್ಲ. ಇದು ಗೂಢಚಾರನ ಥರ ಕಾಣ್ತಾ ಇಲ್ಲ, ಆಫೀಸಿನ ಥರ ಕಾಣ್ತಾ ಇದೆ ಅಂತ ಬರ್ಲಿನ್ನಿಗೆ ಬರೆದಿದಾನೆ."

ಟಿಮ್ಸ್‌ನ ಬ್ರಷ್ ನಿಂತಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಾಳ, ಚಾಪೆಲ್, ಗಿಲ್ಡ್‌ಫರ್ಡ್.

"ಅವನು ಬರ್ಲಿನ್ನಿಗೆ ಬರೆದಿದ್ದು ನಿಮಗೆ ಹೆಂಗೆ ಗೊತ್ತಾಯ್ತು?" ಅಂದೆ.

ಕ್ಯಾಪ್ಟನ್ನರ ಕಿವಿ ಕೆಂಪಾಯಿತು. "ಆ ಪ್ರಶ್ನೆ ನೀವು ಕೇಳೇ ಇಲ್ಲ, ಮಿಸೆಸ್ ಪ್ಯಾಸ್ಕೋ."

"ಕೇಳಿಲ್ಲ," ಅಂದೆ. ಮತ್ತೊಂದು ಆಲೂಗಡ್ಡೆ ತೆಗೆದುಕೊಂಡೆ.

ಈಗ ಅದು ಎಲ್ಲರಿಗೂ ಗೊತ್ತು. ಹಳ್ಳಿಗಾಡಿನ ಒಂದು ಬಂಗಲೆಯಲ್ಲಿ ನಮ್ಮವರು ಗುಂಪಾಗಿ ಕೂತು ಶತ್ರುವಿನ ಗುಪ್ತಲಿಪಿಯನ್ನು ಒಡೆದು, ಅವರವರೇ ಆಡಿಕೊಂಡ ಮಾತನ್ನು ದಿನವೂ ಓದುತ್ತಿದ್ದರು. ಆಗ ನನಗೆ ಅರ್ಥವಾದದ್ದು ಇಷ್ಟೇ: ನಮ್ಮವರು ಯಾರದೋ ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದಾರೆ. ಬಾಡಿಗೆ ಮನೆ ನಡೆಸಿದವಳಿಗೆ ಅದು ಅರ್ಥವಾಗದೇ ಇರುವಂಥದ್ದಲ್ಲ.

"ಹಂಗಾದ್ರೆ ಈ ಭಾನುವಾರಾನೇ ಒಂದು ಸುದ್ದಿ ಕಳಿಸಿಬಿಡಿ," ಅಂದೆ. "ಒಂದಿನ ಕೀರ್ತನೆ ಬಿಟ್ರೆ ದೇವರೇನೂ ಬೇಜಾರು ಮಾಡ್ಕೊಳಲ್ಲ."

ಇದು ನಾನು ಸೈನ್ಯಕ್ಕೆ ಕೊಟ್ಟ ಮೊದಲ ಸಲಹೆ. ಟಿಮ್ಸ್ ನನ್ನನ್ನು ಕನಿಕರದಿಂದ ನೋಡಿದ.

"ಅವನು ನಮಗೇನೂ ಹೇಳಿಲ್ಲ, ಬರ್ಲಿನ್ನಿಗೆ ಮಾತ್ರ ಹೇಳಿದಾನೆ," ಅಂದರು ಕ್ಯಾಪ್ಟನ್ ತಾಳ್ಮೆಯಿಂದ. "ಅದರ ಮರುವಾರಾನೇ ನಾವು ಭಾನುವಾರ ಶುರು ಮಾಡಿದ್ರೆ ಅವರ ಗುಟ್ಟಿನ ಮಾತು ನಮಗೆ ಕೇಳಿಸ್ತಾ ಇದೆ ಅಂತ ಆಗತ್ತೆ. ಆಮೇಲೆ ಅವರು ಲಿಪಿ ಬದಲಾಯಿಸ್ತಾರೆ. ಅದು ಎಮಿಲ್‌ಗಿಂತ ದೊಡ್ಡ ನಷ್ಟ. ಮೇಲಿನವರು ಅದಕ್ಕೆ ಒಪ್ಪಲ್ಲ."

"ಒಪ್ಪದೆ ಏನು ಮಾಡ್ತಾರೆ?"

"ತಿಂಗಳ ಕೊನೆಗೆ ಸಭೆ ಇದೆ. ಅಷ್ಟರೊಳಗೆ ಹ್ಯಾಂಬರ್ಗಿನವರ ನಂಬಿಕೆ ವಾಪಸ್ ಬಂದಿಲ್ಲ ಅಂದ್ರೆ ಎಮಿಲ್‌ನಿಂದ ಇನ್ನು ಉಪಯೋಗ ಇಲ್ಲ ಅಂತ ತೀರ್ಮಾನ ಆಗತ್ತೆ. ಅವನನ್ನ ಕೋರ್ಟಿಗೆ ಒಪ್ಪಿಸ್ತಾರೆ." ಅವರು ಕಾಲರಿನೊಳಗೆ ಬೆರಳು ಹಾಕಿ ಸಡಿಲ ಮಾಡಿಕೊಂಡರು. ಬೇಕೆಂದು ಮಾಡಿದ್ದಲ್ಲ. ಆದರೂ ನಾನು ಕಿಟಕಿಯಾಚೆ ನೋಡಿದೆ. ಎಮಿಲ್ ಬಗ್ಗಿ ಒಂದು ಎಲೆಕೋಸಿನ ಬುಡಕ್ಕೆ ಮಣ್ಣು ಏರಿಸುತ್ತಿದ್ದ. ಅವನ ಕತ್ತು ಬಿಸಿಲಿಗೆ ಕೆಂಪಾಗಿತ್ತು.

ಅಂತೂ ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು, ಕೊಟ್ಟದ್ದು ಗೊತ್ತಾಗಕೂಡದಾಗಿತ್ತು. ಎರಡು ದಿನ ಕ್ಯಾಪ್ಟನ್ ಅಡುಗೆಮನೆಯ ಮೇಜಿಗೆ ಕೂತು ಹಳೆಯ ಸುದ್ದಿಗಳ ಪ್ರತಿಗಳನ್ನು ತಿರುವಿದರು. ಕೊನೆಗೆ ದಾರಿ ತೋರಿಸಿದವನು ಟಿಮ್ಸ್. ಅವನು ಕ್ಯಾಪ್ಟನ್ನರ ಹೆಗಲ ಮೇಲಿಂದ ಇಣುಕಿ ನೋಡಿ, "ಸರ್, ತಪ್ಪು ತಿಳೀಬೇಡಿ, ಇವನು ತುಂಬಾ ಸಂತೋಷವಾಗಿದಾನೆ," ಅಂದ.

"ಯಾರು?"

"ನೀವು ಬರೆಯೋ ಎಮಿಲ್. 'ನಾನು ಕ್ಷೇಮ. ವಸತಿ ಅನುಕೂಲವಾಗಿದೆ. ತೊಂದರೆ ಏನೂ ಇಲ್ಲ.' ಪ್ರತಿ ಸಲಾನೂ ಇದೇ. ಇಷ್ಟು ವರ್ಷ ಸೈನ್ಯದಲ್ಲಿದೀನಿ, ಗೊಣಗದೆ ಇರೋ ಸಿಪಾಯಿನ ನಾನು ನೋಡಿಲ್ಲ. ಗೊಣಗದೆ ಇರೋನು ಯಾವುದೋ ಕಳ್ಳ ಕೆಲಸ ಮಾಡ್ತಾ ಇರ್ತಾನೆ."

ಕ್ಯಾಪ್ಟನ್ ಕನ್ನಡಕ ತೆಗೆದರು. ದೂರು ಹೇಳುವುದು ಕೀಳು ಅಭ್ಯಾಸವೆಂದು ಅವರಿಗೆ ಚಿಕ್ಕಂದಿನಲ್ಲೇ ಹಾಸ್ಟೆಲಿನಲ್ಲಿ ಬೆತ್ತದಿಂದ ಕಲಿಸಿದ್ದರು. ಆ ಮರ್ಯಾದೆಯನ್ನು ಪಾಪ ಅವರು ಶತ್ರುವಿನ ಗೂಢಚಾರನಿಗೂ ತೊಡಿಸಿಬಿಟ್ಟಿದ್ದರು.

"ಅವನು ಗೊಣಗಲಿ ಸರ್," ಅಂದ ಟಿಮ್ಸ್. "ಭಾನುವಾರದ ಬಗ್ಗೆ ಅಲ್ಲ. ಮನೆ ಬಗ್ಗೆ. ಈ ಮನೆಯೊಡತಿ ಕೈಯಲ್ಲಿ ಸತ್ತೆ, ಬೇರೆ ಮನೆಗೆ ಹೋಗಕ್ಕೆ ಅಪ್ಪಣೆ ಕೊಡಿ ಅಂತ ಕೇಳಲಿ. ಉಳಿದ ದಿನ ಚಹಾದ ಹೊತ್ತಿಗೆ ಅವಳು ಅಂಗಡಿ ಸಾಲಿನಲ್ಲಿ ನಿಂತಿರ್ತಾಳೆ. ಭಾನುವಾರ, ರಜಾ ದಿನ ಅಂಗಡಿ ಮುಚ್ಚಿರತ್ತೆ, ಚಾಪೆಲ್ ಬಿಟ್ರೆ ಇಡೀ ದಿನ ಮನೇಲೇ ಕೂತು ಪ್ರಾಣ ತಿಂತಾಳೆ. ಆ ಮಾತು ಸುಮ್ನೆ ಮಧ್ಯದಲ್ಲಿ ಬಂದು ಹೋಗಲಿ. ಹ್ಯಾಂಬರ್ಗಿನವನೇ ಎರಡೂ ಸೇರಿಸಿ ನೋಡ್ಕೋತಾನೆ."

ಕ್ಯಾಪ್ಟನ್ ಗಾಬರಿಯಿಂದ ನನ್ನ ಕಡೆ ತಿರುಗಿದರು. "ಮಿಸೆಸ್ ಪ್ಯಾಸ್ಕೋ, ನಿಮಗೆ ಬೇಜಾರಾಗಲ್ಲ ತಾನೆ?"

"ನನಗ್ಯಾಕೆ ಬೇಜಾರು?" ಅಂದೆ. "ದೇಶಕ್ಕೋಸ್ಕರ ಏನು ಬೇಕಾದ್ರೂ ಬರ್ಕೊಳಿ."

ಇಷ್ಟು ಉದಾರವಾಗಿ ಅಂದದ್ದಕ್ಕೆ ಕಾರಣವಿತ್ತು. ನನ್ನ ಮೇಲೆ ದೂರು ಕಟ್ಟಬೇಕಾದರೆ ಅವರು ಬಹಳ ಕಷ್ಟಪಡಬೇಕಾಗುತ್ತದೆ ಎಂದು ನನಗೆ ಖಾತ್ರಿಯಿತ್ತು. ಎಮಿಲ್‌ನನ್ನು ಒಳಗೆ ಕರೆಸುವ ಮೊದಲು ಏಪ್ರನ್ ಬದಲಾಯಿಸಿ ತಲೆಗೂದಲು ಸರಿಮಾಡಿಕೊಂಡೆ. ಹೊಗಳಿಕೆ ಕೇಳಲು ಹೊರಟವಳ ಹಾಗೆ.

ಎಮಿಲ್ ಕೈ ತೊಳೆದು ಬಂದು ತನ್ನ ಕುರ್ಚಿಯಲ್ಲಿ ಕೂತ. ಕ್ಯಾಪ್ಟನ್ ಅವನಿಗೆ ಗುಪ್ತಲಿಪಿಯ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದರು: ನಿನ್ನವರಿಗೆ ನಿನ್ನ ಮೇಲೆ ಅನುಮಾನ, ತಿಂಗಳ ಕೊನೆಗೆ ಸಭೆ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

ಕ್ಯಾಪ್ಟನ್ ತಾವು ಬರೆದದ್ದನ್ನು ಓದಿದರು. "'ಮನೆಯೊಡತಿ ಸ್ವಲ್ಪ ಕಟ್ಟುನಿಟ್ಟಿನವರು.'"

"ಇದನ್ನ ನಂಬೋಕೆ ಹ್ಯಾಂಬರ್ಗಿನವನೇನು ಮಗುವಾ ಸರ್?" ಅಂದ ಟಿಮ್ಸ್.

"ಎಮಿಲ್, ನಿಜವಾಗಿ ಏನಾದ್ರೂ ತೊಂದರೆ ಇದ್ರೆ ನೀನೇ ಹೇಳಪ್ಪ," ಅಂದೆ ನಾನು. "ಸಂಕೋಚ ಬೇಡ."

"ಏನೂ ಇಲ್ಲ ಮಿಸೆಸ್ ಪ್ಯಾಸ್ಕೋ. ಎಲ್ಲಾ ಬಹಳ ಚೆನ್ನಾಗಿದೆ."

ನಾನು ಟಿಮ್ಸ್ ಕಡೆ ನೋಡಿದೆ. ನೋಡಿದೆಯಾ ಅನ್ನುವ ಹಾಗೆ.

"ಎಮಿಲ್," ಅಂದರು ಕ್ಯಾಪ್ಟನ್ ಮೆಲ್ಲಗೆ, "ಈ ಸುದ್ದಿನ ಅವರು ನಂಬದೆ ಹೋದ್ರೆ ನಾನು ನಿನಗೋಸ್ಕರ ಇನ್ನೇನೂ ಮಾಡೋಕಾಗಲ್ಲ. ಕಟ್ಟಿದ ಮಾತು ಕಟ್ಟಿದ ಹಾಗೇ ಕೇಳಿಸತ್ತೆ."

ಎಮಿಲ್ ಪೊಲೀಸರ ಮುಂದೆ ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ, "ಎಲೆಕೋಸು," ಅಂದ.

"ಎಲೆಕೋಸಿಗೇನಾಗಿದೆ?" ಅಂದೆ.

"ಮಿಸೆಸ್ ಪ್ಯಾಸ್ಕೋ ಚಾಪೆಲ್ಲಿಗೆ ಹೋಗೋವಾಗ ಅದನ್ನ ಒಲೆ ಮೇಲೆ ಇಡ್ತಾರೆ. ಚಾಪೆಲ್ಲಿಂದ ಬಂದು ಇಳಿಸ್ತಾರೆ."

ಟಿಮ್ಸ್ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದ. ಲೇಸು ಕಟ್ಟಿಯೇ ಇತ್ತು.

"ಮುಂದೆ?" ಅಂದರು ಕ್ಯಾಪ್ಟನ್, ಬರೆಯುತ್ತಾ.

"ಅದರ ವಾಸನೆ ದಿಂಬಿನಲ್ಲೂ ಇದೆ." ಎಮಿಲ್ ಒಮ್ಮೆ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದ. "ಕೊಬ್ಬಿನ ಕಡುಬು. ಮೊದಲನೇ ಸಲ ತಿಂದಾಗ ಇದು ವಿಚಾರಣೆ ಮಾಡೋ ಒಂದು ವಿಧಾನ ಅಂದ್ಕೊಂಡೆ. ಪಾತ್ರೆ ತೊಳೀತಾ ಹಾಡ್ತಾರೆ, ಯಾವಾಗ್ಲೂ ಅದೇ ಕೀರ್ತನೆ, ಮೂರನೇ ಚರಣ ನೆನಪಿಲ್ಲ, ಅದಕ್ಕೆ ಮತ್ತೆ ಮೊದಲಿಂದ. ಬೆಳಿಗ್ಗೆ ಗೋಡೆಗೆ ಛತ್ರಿ ಬಡಿದು ಎಬ್ಬಿಸ್ತಾರೆ. ಸ್ನಾನಕ್ಕೆ ಹೋದ್ರೆ ಬಿಸಿನೀರು ಜಾಸ್ತಿ ಸುರೀಬೇಡ ಅಂತ ಬಾಗಿಲಾಚೆ ನಿಂತು ಹೇಳ್ತಾರೆ. ಬೆಕ್ಕು ನನ್ನ ಹಾಸಿಗೇಲಿ ಮಲಗತ್ತೆ. ಹೊರಗೆ ಹಾಕಿದ್ರೆ ಬೆಕ್ಕಿನ ಹತ್ತಿರ ಕ್ಷಮೆ ಕೇಳು ಅಂತಾರೆ."

"ಬೆಕ್ಕಿಗೆ ಬೇಜಾರಾಗಿತ್ತು," ಅಂದೆ.

"ಇನ್ನು, ಅವರು." ಎಮಿಲ್ ಗೋಡೆಯ ಕಡೆ ಗಲ್ಲ ಎತ್ತಿದ. ಅವನ ಕುರ್ಚಿಗೆ ಎದುರಾಗಿ ವಾಲ್ಟರ್‌ನ ಫೋಟೋ ಇತ್ತು. "ನಾನು ಪ್ರತಿ ತುತ್ತೂ ಮಿಸ್ಟರ್ ಪ್ಯಾಸ್ಕೋ ಅವರನ್ನ ನೋಡ್ಕೊಂಡೇ ತಿನ್ನಬೇಕು. ಅವರಿಗೆ ಎಲ್ಲಾ ಗೊತ್ತಿದೆ ಅನ್ಸತ್ತೆ."

ನಾವೆಲ್ಲರೂ ವಾಲ್ಟರ್‌ನನ್ನು ನೋಡಿದೆವು. ಮದುವೆಯಾದ ವರ್ಷ ತೆಗೆಸಿದ ಫೋಟೋ. ಇಷ್ಟು ವರ್ಷ ಆ ಮುಖಭಾವವನ್ನು ನಾನು ಗಾಂಭೀರ್ಯ ಅಂದುಕೊಂಡಿದ್ದೆ. ಆ ದಿನ ಮೊದಲ ಸಲ, ಅದು ಊಟ ಮುಗಿಸಿದವನ ಮುಖ ಎಂದು ಕಂಡಿತು.

ಕ್ಯಾಪ್ಟನ್ನರ ಹಾಳೆ ತುಂಬಿತ್ತು. ಅಷ್ಟನ್ನೂ ಕಳಿಸುವ ಹಾಗಿರಲಿಲ್ಲ. ಸ್ವತಂತ್ರನಾಗಿರುವ ಗೂಢಚಾರ ಸಿಕ್ಕಿಬೀಳುವ ಭಯಕ್ಕೆ ಚುಟುಕಾಗಿ ಬಡಿದು ಮುಗಿಸುತ್ತಾನೆ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಚರ್ಚೆಯಾಯಿತು. ಟಿಮ್ಸ್ ಬೆಕ್ಕಿನ ಪರ. ಕ್ಯಾಪ್ಟನ್ ಕೀರ್ತನೆಯ ಪರ, ಯಾಕೆಂದರೆ ಭಾನುವಾರವನ್ನು ಅದಕ್ಕೇ ತಗುಲಿಹಾಕಬೇಕು. ಎಲೆಕೋಸು ಮಾತ್ರ ಇರಲೇಬೇಕೆಂದು ಇಬ್ಬರೂ ಅಂದರು.

"ಎಲೆಕೋಸು ಮಿಲಿಟರಿ ವಿಷಯ ಅಲ್ಲ," ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಬೇಕಾದ್ರೆ ನಾನು ಅವನನ್ನ ಹೊಡೀತೀನಿ ಅಂತ ಬರೀರಿ. ಎಲೆಕೋಸು ಯಾಕೆ?"

ಕ್ಯಾಪ್ಟನ್ ಒಳ್ಳೆಯ ಮನುಷ್ಯ. ಹಾಳೆಯನ್ನೂ ಪೆನ್ಸಿಲನ್ನೂ ನನ್ನ ಮುಂದೆ ಸರಿಸಿದರು. "ಇದು ನಿಮ್ಮ ಮನೆ, ನಿಮ್ಮ ಹೆಸರು. ನಿಮಗೆ ಒಪ್ಪಿಗೆ ಇಲ್ಲದ ಮಾತು ಇಲ್ಲಿಂದ ಹೋಗಲ್ಲ. ಹೊಡೆದುಹಾಕಿ."

ಪೆನ್ಸಿಲ್ ತೆಗೆದುಕೊಂಡೆ. ನಾಳೆ ಜರ್ಮನಿಯ ಅಧಿಕಾರಿಗಳು ಸಾಲಾಗಿ ಕೂತು ನನ್ನ ಅಡುಗೆಯ ಬಗ್ಗೆ ಓದುತ್ತಾರೆ. ಅದು ಮನಸ್ಸಿಗೆ ಹಿಡಿಸಲಿಲ್ಲ. ಎಲೆಕೋಸು ಎಂದು ಬರೆದ ಜಾಗಕ್ಕೆ ಪೆನ್ಸಿಲಿನ ಮೊನೆ ತಂದು ತಲೆಯೆತ್ತಿದೆ.

ಎಮಿಲ್ ನನ್ನ ಕೈಯನ್ನು ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಪರಿಚಯದ್ದು. ಪ್ರತಿದಿನ ನಾನು ತಟ್ಟೆ ತಂದು ಮುಂದಿಟ್ಟಾಗ ಅವನು ನೋಡುತ್ತಿದ್ದದ್ದು ಹೀಗೆಯೇ, ಮೊದಲು ನನ್ನ ಕೈ, ಆಮೇಲೆ ನನ್ನ ಮುಖ. ಅದನ್ನು ನಾನು ಹಸಿವು ಎಂದುಕೊಂಡಿದ್ದೆ. ಕುತ್ತಿಗೆಯ ಮೇಲೆ ಹಗ್ಗ ತೂಗುತ್ತಿರುವವನು ಎಲೆಕೋಸು ಬೆಂದು ಹಿಂಡಿಯಾಗಿದೆ ಎಂದು ಯಾವ ಬಾಯಲ್ಲಿ ಹೇಳುತ್ತಾನೆ? ಈ ಹೆಂಗಸು ಕ್ಯಾಪ್ಟನ್ನರ ಹತ್ತಿರ ಒಂದು ಕೆಟ್ಟ ಮಾತಾಡಿದರೆ ತನ್ನ ಕತೆ ಮುಗಿಯಿತೆಂದು ಅವನು ಮೊದಲ ದಿನದಿಂದಲೂ ನಂಬಿದ್ದ. ಅಷ್ಟು ತಟ್ಟೆಗಳನ್ನೂ ಅವನು ಖಾಲಿ ಮಾಡಿದ್ದು ರುಚಿಗಲ್ಲ, ಜೀವ ಉಳಿಸಿಕೊಳ್ಳಲು. ನಾನೋ, ಮೆಚ್ಚಿ ತಿನ್ನುತ್ತಾನಲ್ಲ ಎಂದು ಇನ್ನೊಂದು ಸೌಟು ಹಾಕುತ್ತಾ ಬಂದೆ.

ಪೆನ್ಸಿಲ್ ಕೆಳಗಿಟ್ಟೆ.

"ಎಲೆಕೋಸು ಇರಲಿ," ಅಂದೆ. "ಕಡುಬನ್ನೂ ಸೇರಿಸಿ. ವಾಸನೆ ದಿಂಬಿನಲ್ಲಿದೆ ಅಂದನಲ್ಲ, ಅದನ್ನೂ ಬಿಡಬೇಡಿ."

"ಮಿಸೆಸ್ ಪ್ಯಾಸ್ಕೋ," ಅಂದ ಎಮಿಲ್, "ನಾನು..."

"ನೀನು ಸುಮ್ನಿರು. ಬೆಕ್ಕಿನ ವಿಷಯ ಮಾತ್ರ ಆಮೇಲೆ ಮಾತಾಡೋಣ."

ಆ ಸಂಜೆ ಸುದ್ದಿ ಹೋಯಿತು. ನಾನು ಮೆಟ್ಟಿಲ ಕೆಳಗೆ ನಿಂತು ಕೇಳಿದೆ. ಎಮಿಲ್‌ನ ಬೆರಳು ಯಾವಾಗಲೂ ಅಳೆದು ತೂಗಿ ನಡೆಯುತ್ತಿತ್ತು. ಆ ದಿನ ಓಡಿತು. ಮನಸ್ಸು ಬಿಚ್ಚಿ ಬಡಿದಂತಿತ್ತು. ಟಿಮ್ಸ್ ಕೆಳಗೆ ಬಂದು, "ಕಡುಬು ಅನ್ನೋ ಜಾಗದಲ್ಲಿ ಯಂತ್ರ ಮುರಿದೇ ಹೋಗತ್ತೆ ಅಂದ್ಕೊಂಡೆ ಅಮ್ಮಾವ್ರೇ," ಅಂದ.

ಹ್ಯಾಂಬರ್ಗಿನಿಂದ ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಎಮಿಲ್ ಹಿತ್ತಲಿನಲ್ಲಿ ಅಗೆದ ಪಾತಿಯನ್ನೇ ಮತ್ತೆ ಅಗೆದ. ಭಾನುವಾರ ಬಂತು, ಹೋಯಿತು. ಆ ದಿನ ಯಾರೂ ಊರಿಗೆ ಹೋಗಲಿಲ್ಲ, ಗಾಳವೂ ಮೂಲೆಯಲ್ಲೇ ಉಳಿಯಿತು. ಸುಮ್ಮನೆ ಮನೆಯಲ್ಲಿ ಕೂತು ಭಾನುವಾರದ ನಿಯಮ ಪಾಲಿಸಿದೆವು. ನಾನು ಕೀರ್ತನೆ ಹಾಡಲಿಲ್ಲ. ಪಾತ್ರೆ ತೊಳೆಯುವಾಗ ಒಮ್ಮೆ ಬಾಯಿಗೆ ಬಂದು, ಮೊದಲ ಸಾಲಿನಲ್ಲೇ ನಿಲ್ಲಿಸಿದೆ. ಊಟವನ್ನು ಎಮಿಲ್ ಎಂದಿನಂತೆ ಮುಗಿಸಿದ, ಎಂದಿನಂತೆ ಚೆನ್ನಾಗಿದೆ ಅಂದ. ಕೇಳಲು ನನಗೆ ಹಿಂಸೆಯಾಯಿತು. ಬೇಡವೆಂದು ಹೇಳಲೂ ಆಗಲಿಲ್ಲ, ಹಗ್ಗ ಇನ್ನೂ ಅಲ್ಲೇ ಇತ್ತಲ್ಲ.

ಸಭೆಯ ಹಿಂದಿನ ದಿನ ಚಹಾದ ಹೊತ್ತಿಗೆ ಟಿಮ್ಸ್ ಹಾಳೆ ಹಿಡಿದು ಮೆಟ್ಟಿಲು ಇಳಿದು ಬಂದ. ಹಿಂದೆ ಎಮಿಲ್. ಕ್ಯಾಪ್ಟನ್ ಓದಿದರು.

"'ಮನೆ ಬದಲಾಯಿಸಕೂಡದು. ಇಂಥ ಹೆಂಗಸಿರುವ ಮನೆಗೆ ಪೊಲೀಸರು ಕಾಲಿಡುವುದಿಲ್ಲ. ಅವಳು ಮನೆಯಲ್ಲಿರುವಾಗ ಯಂತ್ರ ಮುಟ್ಟಬೇಡ. ಅವಳ ಜೊತೆ ಪ್ರಾರ್ಥನೆಗೆ ಹೋಗಿ ವಿಶ್ವಾಸ ಗಳಿಸು. ಕೊಟ್ಟದ್ದನ್ನು ತಿನ್ನು. ಸಹಿಸಿಕೋ.'" ಅವರು ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದರು. "'ನನ್ನ ಅತ್ತೆಯೂ ಹೀಗೆಯೇ.'"

ಎಮಿಲ್ ಕುರ್ಚಿಯಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ ಹೇಳಲಾರೆ. ನಾನು ಚಹಾ ಬಗ್ಗಿಸಿದೆ. ನನ್ನ ಪಾಲಿನ ಸಕ್ಕರೆಯನ್ನೂ ಅವನ ಕಪ್ಪಿಗೇ ಹಾಕಿದೆ.

ಮರುದಿನ ಕ್ಯಾಪ್ಟನ್ ಸಭೆ ಮುಗಿಸಿ ಬಂದಾಗ ಮುಖದಲ್ಲಿ ನಗುವಿತ್ತು. ಎಮಿಲ್ ಉಳಿದ. ನನ್ನನ್ನು ಪಕ್ಕಕ್ಕೆ ಕರೆದು, "ನೀವು ಕೇಳದೇ ಇದ್ದ ಪ್ರಶ್ನೆ ಇತ್ತಲ್ಲ, ಅದೇ ದಾರೀಲಿ ಇನ್ನೊಂದು ಮಾತು ಬಂದಿದೆ," ಅಂದರು. "ಹ್ಯಾಂಬರ್ಗಿನವನು ಬರ್ಲಿನ್ನಿಗೆ ಬರೆದಿದಾನೆ. ನಮ್ಮ ಮನುಷ್ಯ ಸರಿಯಾಗಿದಾನೆ, ಅನುಮಾನ ಬೇಡ, ಇಂಥ ಮನೆಯೊಡತಿನ ಯಾರೂ ಕಲ್ಪನೆ ಮಾಡ್ಕೊಳೋಕಾಗಲ್ಲ ಅಂತ."

"ಹೊಗಳಿದ್ದಾ, ತೆಗಳಿದ್ದಾ?"

"ಮೇಲಿನವರಂತೂ ನಿಮಗೆ ಕೃತಜ್ಞತೆ ಹೇಳಿದಾರೆ," ಅಂದರು ಕ್ಯಾಪ್ಟನ್, ಬೇರೆ ಕಡೆ ನೋಡುತ್ತಾ.

ಮುಂದಿನ ಭಾನುವಾರ ಎಮಿಲ್ ಶತ್ರುವಿನ ಅಪ್ಪಣೆಯಂತೆ ನನ್ನ ಜೊತೆ ಚಾಪೆಲ್ಲಿಗೆ ಬಂದ. ಕ್ಯಾಪ್ಟನ್ನರೂ ಒಪ್ಪಿದ್ದರು, ಟಿಮ್ಸ್ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದ. ನನ್ನ ಕೀರ್ತನೆಯ ಮೂರನೇ ಚರಣ ಎಮಿಲ್‌ಗೆ ಜರ್ಮನ್ ಭಾಷೆಯಲ್ಲಿ ಪೂರ್ತಿ ಬರುತ್ತಿತ್ತು. ಬಾಯಿ ಮುಚ್ಚಿ ರಾಗ ಮಾತ್ರ ಗುನುಗಿದ. ಹಾಲೆಂಡಿನ ಹುಡುಗನಿಗೆ ಎಂಥ ಕಂಠ ಎಂದು ಹೆಂಗಸರೆಲ್ಲ ಮೆಚ್ಚಿಕೊಂಡರು.

ಮನೆಗೆ ಬಂದು ಎಲೆಕೋಸು ಇಳಿಸಿದೆ. ಹೋಗುವಾಗಲೇ ಒಲೆಯ ಮೇಲಿಟ್ಟಿದ್ದೆ, ಅಭ್ಯಾಸ. ಎಮಿಲ್ ಕುರ್ಚಿಗೆ ಬಂದು ನೋಡಿದರೆ ಎದುರು ಗೋಡೆ ಬರಿದಾಗಿತ್ತು. ವಾಲ್ಟರ್‌ನನ್ನು ನಾನು ಬೆಳಿಗ್ಗೆಯೇ ಹಜಾರಕ್ಕೆ ಸಾಗಿಸಿದ್ದೆ. ಎಮಿಲ್ ಮಾಂಸ ತಿಂದ, ಆಲೂಗಡ್ಡೆ ತಿಂದ. ಎಲೆಕೋಸಿನ ಹತ್ತಿರ ಬಂದಾಗ ಫೋರ್ಕು ನಿಂತಿತು. ಮೊದಲು ನನ್ನ ಕೈ ನೋಡಿದ, ಆಮೇಲೆ ಮುಖ. ಆಮೇಲೆ ನಿಧಾನವಾಗಿ ಎಲೆಕೋಸನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿದ.

ಟಿಮ್ಸ್ ಅಗಿಯುವುದನ್ನು ನಿಲ್ಲಿಸಿದ.

"ಕೊಟ್ಟಿದ್ದನ್ನ ತಿನ್ನು ಅಂತ ಅಪ್ಪಣೆ ಆಗಿದೆಯಲ್ಲಪ್ಪ ನಿನಗೆ," ಅಂದೆ.

"ಹ್ಯಾಂಬರ್ಗಿನವರು ಇಲ್ಲಿ ಊಟ ಮಾಡಿಲ್ಲ, ಮಿಸೆಸ್ ಪ್ಯಾಸ್ಕೋ," ಅಂದ ಎಮಿಲ್.

ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಂತೋಷವೂ ಆಯಿತು. ಎರಡನ್ನೂ ತೋರಿಸದೆ ಅವನ ತಟ್ಟೆ ಎತ್ತಿಕೊಂಡು ಪಕ್ಕದ ಮನೆಯವರ ಕೋಳಿಗಳಿಗೆ ಹಾಕಲು ಹಿತ್ತಲಿಗೆ ಹೋದೆ. ಬಾಗಿಲು ಎಳೆದುಕೊಂಡು, ಅತ್ತಿತ್ತ ನೋಡಿ, ಅಂಚಿನಲ್ಲಿದ್ದ ಎಲೆಕೋಸು ಒಂದು ಚೂರು ಬಾಯಿಗೆ ಹಾಕಿಕೊಂಡೆ. ನನ್ನ ಅಡುಗೆಯನ್ನು ಅವನ ನಾಲಿಗೆಯಿಂದ ತಿಂದು ನೋಡಿದ್ದು ಅದೇ ಮೊದಲು. ನಮ್ಮ ಮನೆಯಿಂದ ಹ್ಯಾಂಬರ್ಗಿಗೆ ಎಷ್ಟೋ ಸುದ್ದಿ ಹೋಯಿತು; ಅಷ್ಟು ಅಪ್ಪಟ ನಿಜ ಬೇರೊಂದು ಹೋಗಿರಲಿಕ್ಕಿಲ್ಲ.